ಮೂರನೆಯ ಬಾನಿ

ನಮ್ಮೂರಿನಲ್ಲಿ ನೀರು ಕುಡಿದ ಲೋಟವನ್ನು ಕವುಚಿಡದೆ ಎದ್ದು ಹೋದರೆ, ಮತ್ತೆ ಅದರಲ್ಲಿ ನೀರು ಕುಡಿಯಲು ಸುತ್ತಿಗೆ ಬೇಕಾಗುತ್ತದೆ. ತಳದಲ್ಲಿ ಉಳಿದ ಗುಟುಕು ನೀರು ಅರ್ಧ ದಿನದೊಳಗೆ ಕಲ್ಲಾಗಿರುತ್ತದೆ. ಸೀರೆಯನ್ನು ಸರಿಯಾಗಿ ಹಿಂಡದೆ ಹರವಿದರೆ ಸಂಜೆಗೆ ಅದು ಹಗ್ಗದ ಮೇಲೆ ತಗಡಿನ ಹಾಗೆ ನಿಂತಿರುತ್ತದೆ. ತಲೆಸ್ನಾನ ಮಾಡಿದವರು ಬಿಸಿಲಲ್ಲಿ ಕೂತು ಕೂದಲಿನಿಂದ ಹರಳು ಉದುರಿಸಿಕೊಳ್ಳುವುದಕ್ಕೇ ಹಬ್ಬದ ಬೆಳಗು ಕಳೆದುಹೋಗುತ್ತದೆ. ಹೊರಗಿನಿಂದ ಬಂದವರು ಇದೇಕೆ ಹೀಗೆ ಎಂದು ಕೇಳುತ್ತಾರೆ. ನೀರು ಅಂದಮೇಲೆ ಇನ್ನೇನು ಮಾಡಬೇಕಿತ್ತು ಎಂದು ನಾವು ಅವರ ಮುಖ ನೋಡುತ್ತೇವೆ. ಇಷ್ಟೆಲ್ಲ ಗೊತ್ತಿದ್ದೂ, ಹುಟ್ಟಿ ಬೆಳೆದದ್ದು ಇದೇ ಊರಿನಲ್ಲಾದರೂ, ದಿನಕ್ಕೆ ನಾಲ್ಕು ಸಲ ಕಾಫಿ ಕುಡಿದು ಲೋಟವನ್ನು ಕೂತಲ್ಲೇ ಬಿಟ್ಟು ಹೋಗುವ ಹೆಂಗಸು ಈ ಊರಿಗೆಲ್ಲ ಒಬ್ಬಳೇ. ಅವಳು ನನ್ನ ಓರಗಿತ್ತಿ ಓಂಕಾರಮ್ಮ, ನನ್ನ ಗಂಡನ ಅಣ್ಣನ ಹೆಂಡತಿ. ಹದಿನೆಂಟು ವರ್ಷ ಅವಳೊಂದಿಗೆ ಒಂದೇ ಅಡುಗೆಮನೆಯಲ್ಲಿ ಬೇಯಿಸಿದೆ. ಹದಿನೆಂಟು ವರ್ಷ ಅವಳ ಲೋಟದ ಕಲ್ಲು ಕುಟ್ಟಿ ತೆಗೆದೆ.

ಕಾಫಿ ಎಂದರೆ ನನಗೆ ವಾಸನೆಯೇ ಆಗದು. ಹೊಟ್ಟೆ ತೊಳೆಸಿ ಬಂದಂತಾಗುತ್ತದೆ. ಅವಳು ಅದನ್ನು ಬೇಕೆಂದೇ ಎನ್ನುವ ಹಾಗೆ ಸೊರ್ರೆಂದು ಹೀರುತ್ತಿದ್ದಳು. ಮೊದಲ ಗುಟುಕಿಗೆ ಒಂದು ಸದ್ದು, ಕೊನೆಯ ಗುಟುಕಿಗೆ ಅದರ ಎರಡರಷ್ಟು. ಆ ಸದ್ದಿಲ್ಲದ ಒಂದು ಅಡುಗೆಮನೆ ಬೇಕೆಂದೇ ನಾನು ಹೊಸ ಮನೆಯ ಹಟ ಹಿಡಿದದ್ದು. ಬೇರೆ ಕಾರಣಗಳನ್ನೂ ಹತ್ತು ಜನರಿಗೆ ಹೇಳಿದ್ದೇನೆ, ನನ್ನ ಹಪ್ಪಳದ ಕೆಲಸಕ್ಕೆ ಜಾಗ ಸಾಲದು, ಬಿಸಿಲು ಬೀಳುವ ಮಾಳಿಗೆ ಬೇಕು, ಹಾಗೆ ಹೀಗೆ. ಅವೆಲ್ಲ ಹೇಳುವುದಕ್ಕೆ.

ಇಲ್ಲಿ ಗೋಡೆ ಎಬ್ಬಿಸುವುದು ದೊಡ್ಡ ಮಾತಲ್ಲ, ಕಲ್ಲಿಗಂತೂ ಬರವಿಲ್ಲ. ತಲೆನೋವಿರುವುದು ಮುಂದಿನ ಕಿಟಕಿಯದು. ಬೀದಿಗೆ ಮುಖ ಮಾಡಿದ ಆ ಕಿಟಕಿಗೆ ಹರಳುಹಲಗೆ ಕೂರಿಸದೆ ಹೊಸ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಹಲಗೆಯನ್ನು ಕೊಳ್ಳುವಂತಿಲ್ಲ, ಯಾರಿಂದಲೂ ತರುವಂತಿಲ್ಲ. ಹೊಸ ಮನೆಯ ಅಂಗಳದಲ್ಲೇ ಕಲ್ಲಿನ ಬಾನಿ ಇಟ್ಟು, ಕೆರೆಯ ನೀರು ತುಂಬಿ, ಇಪ್ಪತ್ತೊಂದು ದಿನ ಕಾದು ಬೆಳೆಸಿಕೊಳ್ಳಬೇಕು. ಬರೀ ನೀರು ಬಿಟ್ಟರೆ ಅದು ಮುಷ್ಟಿ ಮುಷ್ಟಿ ಉಂಡೆ ಕಟ್ಟುತ್ತದೆ, ಅದರಾಚೆ ಸೂರ್ಯನೂ ಕಾಣುವುದಿಲ್ಲ. ಒಂದು ಸೌಟು ಅಳಲೆಕಾಯಿಯ ಕಷಾಯ ಬೆರೆಸಿದರೆ ಹರಳು ಮೇಲಕ್ಕೆ ಏಳುವುದನ್ನು ಬಿಟ್ಟು ಅಗಲಕ್ಕೆ ಹರಡುತ್ತದೆ, ತಿಳಿಯಾಗುತ್ತದೆ. ಅದರ ಮೇಲೆ ಇನ್ನೇನು ಬಿದ್ದರೂ ಕೆಟ್ಟಿತು. ಮಜ್ಜಿಗೆ ಬಿದ್ದರೆ ಸೂಜಿ ಸೂಜಿಯಾಗಿ ಏಳುತ್ತದೆ. ಗೋಂದು ಬಿದ್ದರೆ ಹಾಲಿನ ಹಾಗೆ ಬೆಳ್ಳಗಾಗುತ್ತದೆ. ನಿಂಬೆರಸ ಬಿದ್ದರೆ ಕಟ್ಟುವುದೇ ಇಲ್ಲ, ಇಪ್ಪತ್ತೊಂದನೆಯ ದಿನವೂ ಆ ಬಾನಿಯಲ್ಲಿ ಮೀನು ಸಾಕಬಹುದು. ಸಾಲದ್ದಕ್ಕೆ ದಿನಕ್ಕೆ ಎರಡು ಹೊತ್ತು ನೀರಿನಲ್ಲಿ ಕೈಯಾಡಿಸಿ, ಹರಳಿನ ಅಂಚು ಬಾನಿಗೆ ಕಚ್ಚಿಕೊಳ್ಳದಂತೆ ಬೆರಳಿನಿಂದ ಬಿಡಿಸಬೇಕು. ಸೌಟು ಹಾಕಿದರೆ ಸೌಟಿಗೇ ಕಲ್ಲು ಕಟ್ಟುತ್ತದೆ. ಬಟ್ಟೆ ಸುತ್ತಿಕೊಂಡರೆ ಬಟ್ಟೆಗೆ. ಬರಿಗೈಯೇ ಆಗಬೇಕು.

ಬಿದ್ದದ್ದನ್ನು ಹರಳು ಮುಚ್ಚಿಡುವುದಿಲ್ಲ, ಅದೇ ಬಂದಿರುವ ತೊಂದರೆ. ಊರಿನ ಕಚೇರಿಯಲ್ಲಿ ಕಿಟಕಿ ಗುಮಾಸ್ತ ಎಂದೇ ಒಬ್ಬರಿದ್ದಾರೆ, ಕರಿಬಸಪ್ಪನವರು. ಹಲಗೆಯನ್ನು ಬಿಸಿಲಿಗೆ ಹಿಡಿದು, ಇದು ಮಜ್ಜಿಗೆ, ಇದು ಹರಳೆಣ್ಣೆ, ಇದು ಗಂಡಸಿನ ಬೆವರು ಎಂದು ಓದಿ ಹೇಳುತ್ತಾರೆ. ಯಾರ ಗುರುತು ಹಲಗೆಯಲ್ಲಿ ಬಿದ್ದಿದೆಯೋ ಅವರ ಹೆಸರನ್ನು ಮನೆಯವರ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಹಾಗೆ ಹೆಸರು ಬಿದ್ದವರು ಆ ಮನೆಯ ಬಾಗಿಲು ತಟ್ಟಬೇಕಾಗಿಲ್ಲ, ಸೀದಾ ಒಳಗೆ ಬರಬಹುದು. ಬಂದವರಿಗೆ ತಟ್ಟೆ ಇಡದೆ ಇರುವಂತಿಲ್ಲ. ಬದುಕಿರುವವರೆಗೆ ಹೆಸರು ಹೊಡೆದುಹಾಕುವಂತಿಲ್ಲ. ಬೆಳಕು ದಾಟದಿದ್ದರೂ, ಮನೆಯವರು ಎಂದು ಬರೆಸಲಾಗದ ಯಾರದ್ದಾದರೂ ಗುರುತು ಕಂಡರೂ ಹಲಗೆ ತಿರಸ್ಕೃತ. ಹೀಗೆ ಮೂರು ಸಲ ಅವಕಾಶ. ಮೂರನೆಯದೂ ಹೋದರೆ ಗೋಡೆ, ಮಾಳಿಗೆ, ಅಂಗಳ ಎಲ್ಲ ಕಚೇರಿಯ ನಿವೇಶನದ ಪಟ್ಟಿಯಲ್ಲಿ ನಮ್ಮ ಹಿಂದೆ ನಿಂತಿರುವವರ ಪಾಲು. ನಾವು ಆ ಪಟ್ಟಿಯಲ್ಲಿ ಹನ್ನೊಂದು ವರ್ಷ ನಿಂತಿದ್ದೆವು.

ಮೊದಲನೆಯ ಬಾನಿ ತುಂಬಿದ ದಿನದಿಂದ ಊರೆಲ್ಲ ನನಗೆ ಗುರುಗಳಾದರು. ಅಳಲೆಕಾಯಿ ಹುರಿದು ಹಾಕು ಎಂದು ಒಬ್ಬಳು, ಹುರಿದರೆ ಕೆಟ್ಟಿತು ಎಂದು ಇನ್ನೊಬ್ಬಳು. ಹಾಲು ತರುವವನು ಸೈಕಲ್ ನಿಲ್ಲಿಸಿ ಬಾನಿಯೊಳಗೆ ಬಗ್ಗಿ ನೋಡಿ, “ಲೋಳೆಸರ ಒಂಚೂರು ಬಿಡಿ ಅಕ್ಕ, ಫಳಫಳ ಅನ್ನುತ್ತೆ” ಎಂದ. ನಿನ್ನ ಹಾಲಿಗೆ ಏನು ಬಿಡುತ್ತೀಯೋ ಅದನ್ನು ಮೊದಲು ಹೇಳು ಎಂದೆ. ನಮ್ಮ ಯಜಮಾನರು ಗಾಣದಲ್ಲಿ ಕೆಲಸ ಮಾಡುವವರು, ಕೈತುಂಬ ಎಣ್ಣೆ. ಅವರನ್ನು ಬಾನಿಯ ಹತ್ತಿರಕ್ಕೂ ಬಿಟ್ಟುಕೊಳ್ಳಲಿಲ್ಲ. ಅವರಿಗೂ ಅದೇ ಬೇಕಿತ್ತು. ಯಾರು ಏನು ಹೇಳಿದರೂ “ಹೌದೌದು, ಅದೂ ಸರೀನೆ” ಎನ್ನುವ ಮನುಷ್ಯ ಅವರು. ಎರಡು ಹೊತ್ತೂ ನಾನೇ ಹೋಗಿ ಕೈಯಾಡಿಸಿ ಬಂದೆ.

ಇಪ್ಪತ್ತೊಂದನೆಯ ದಿನ ನೀರು ಬಸಿದು ನೋಡಿದರೆ ಬಾನಿಯ ತುಂಬ ಹೂಕೋಸು. ಒಂದು ಗೇಣು ಜಾಗದಲ್ಲೂ ಬೆಳಕು ದಾಟುವಂತಿರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಗುಮಾಸ್ತರು ಬರುವ ತನಕ ಕಾಯುವ ತಾಳ್ಮೆ ಎಲ್ಲಿಂದ ಬರಬೇಕು? ಮೂಲೆಯಲ್ಲಿದ್ದ ಹಾರೆ ತೆಗೆದುಕೊಂಡು ಅದನ್ನು ಕುಟ್ಟಿ ಪುಡಿ ಮಾಡಿ ಬೀದಿಗೆ ಚೆಲ್ಲಿದೆ. ಓದುವುದಕ್ಕೆ ಒಂದು ಚೂರೂ ಉಳಿಸಲಿಲ್ಲ. ಅಲ್ಲಿಂದ ನೇರವಾಗಿ ಹಳೆಯ ಮನೆಗೆ ನಡೆದೆ. ಓಂಕಾರಮ್ಮ ಜಗಲಿಯ ಮೇಲೆ ಕೂತು ಸೊರ್ರೆನ್ನುತ್ತಿದ್ದಳು.

“ಅಕ್ಕ, ನನ್ ಬಾನಿಗೆ ಏನ್ ಹಾಕ್ದೆ?” ಎಂದೆ.

“ಯಾವ ಬಾನಿ?”

“ನಾಟಕ ಆಡಬೇಡ. ನಿನ್ ಕಾಫಿ ಗಸಿ ತಂದು ಸುರಿದಿದ್ದೀಯ. ನಾನು ಈ ಮನೆ ಬಿಟ್ಟು ಹೋಗೋದು ನಿನಗೆ ಇಷ್ಟ ಇಲ್ಲ.”

ಎದುರುಮನೆಯ ಬಾಗಿಲು ತೆರೆಯಿತು. ಪಕ್ಕದ ಮನೆಯವರು ಕಸ ಗುಡಿಸುವವರಂತೆ ಪೊರಕೆ ಹಿಡಿದು ಹೊರಗೆ ಬಂದರು. ಓಂಕಾರಮ್ಮ ಲೋಟವನ್ನು ಕೆಳಗಿಟ್ಟಳು, ಕವುಚಿಡಲಿಲ್ಲ. “ಇಷ್ಟ ಇಲ್ಲ ಅನ್ನೋದು ನಿಜ ಕಣೆ ದಾಕ್ಷಿ,” ಎಂದಳು. “ಆದ್ರೆ ಕಾಫಿ ಗಸೀನ ನಾನ್ಯಾಕೆ ನಿನ್ ಬಾನಿಗೆ ಹಾಕ್ಲಿ, ಕರಿಬೇವಿನ ಗಿಡಕ್ಕೆ ಬೇಕು.” ಅಷ್ಟು ಹೇಳಿ ಒಳಗೆ ಹೋದಳು. ಬೈದಿದ್ದರೆ ನನಗೂ ನಾಲ್ಕು ಮಾತು ಹೊಳೆಯುತ್ತಿದ್ದವು. ಸುಮ್ಮನೆ ಹೋದದ್ದಕ್ಕೆ ಇನ್ನಷ್ಟು ಸಿಟ್ಟು ಬಂದು, ಅವಳು ಕೇಳಲೆಂದು ಬೀದಿಗೆಲ್ಲ ಕೇಳುವಂತೆ ಬಾಯಿಗೆ ಬಂದದ್ದು ಆಡಿದೆ. ಯಜಮಾನರು ಗಾಣದಿಂದ ಬಂದವರು, “ಹೋಗ್ಲಿ ಬಿಡೆ, ಇನ್ನೂ ಎರಡು ಸಲ ಇದೆಯಲ್ಲ” ಎಂದರು. ಅವರ ಅಣ್ಣ, ನಮ್ಮ ಭಾವ, ಚೌಕಾಬಾರ ಆಡುತ್ತಿದ್ದವರು ಕವಡೆಯಿಂದ ಕಣ್ಣೆತ್ತಲಿಲ್ಲ. ಈ ಮನೆಯ ಗಂಡಸರ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವುದೇನೂ ಇಲ್ಲ.

ಎರಡನೆಯ ಬಾನಿಗೆ ಮರದ ಮುಚ್ಚಳ ಮಾಡಿಸಿ ಬೀಗ ಹಾಕಿಸಿದೆ. ಬೀಗದ ಕೈಯನ್ನು ಕರಿಮಣಿ ಸರಕ್ಕೆ ಪೋಣಿಸಿಕೊಂಡೆ. ಬಡಗಿ ನಕ್ಕ. “ಬಾನಿಗೆ ಬೀಗ ಹಾಕ್ಸಿದ್ದು ನೀವೇ ಮೊದಲು ನೋಡಿ.” ನನ್ನ ಕಷ್ಟ ಅವನಿಗೇನು ಗೊತ್ತು. ನೀರು ನಾನೇ ತಂದೆ, ಅಳಲೆಕಾಯಿ ನಾನೇ ಕುಟ್ಟಿದೆ, ಕಷಾಯ ನಾನೇ ಕಾಯಿಸಿ ಮೂರು ಸಲ ಸೋಸಿದೆ. ಎರಡು ಹೊತ್ತಿನ ಬದಲು ನಾಲ್ಕು ಹೊತ್ತು ಹೋಗಿ ಕೈಯಾಡಿಸಿದೆ. ಬೆಳಿಗ್ಗೆ ಹಪ್ಪಳದ ಹಿಟ್ಟು ನಾದಿ, ಉಂಡೆ ಕಟ್ಟಿ, ಲಟ್ಟಿಸಿ ಒಣಹಾಕಿದ ಮೇಲೆ, ಕೈ ತೊಳೆದು, ಓಡಿ ಹೋಗಿ, ಬೀಗ ತೆಗೆದು ಅಂಚು ಬಿಡಿಸುವುದು. ಮಧ್ಯಾಹ್ನ ಮತ್ತೆ. ಬಿಸಿಲು ಇಳಿಯುವಾಗ ಮತ್ತೆ. ಮಲಗುವ ಮುಂಚೆ ಮತ್ತೆ. ನಾನಲ್ಲದೆ ಒಂದು ನೊಣ ಕೂಡ ಆ ನೀರನ್ನು ಮುಟ್ಟಲಿಲ್ಲ ಎಂದು ಯಾವ ದೇವರ ಮುಂದೆ ಬೇಕಾದರೂ ಹೇಳುತ್ತೇನೆ.

ಇಪ್ಪತ್ತೊಂದನೆಯ ದಿನ ಮುಚ್ಚಳ ತೆಗೆದರೆ ಮೊದಲಿನದೇ ವಾಸಿ ಎನ್ನುವಂತಿತ್ತು. ಪದರದ ಮೇಲೆ ಪದರ, ನಡುನಡುವೆ ಗುಳ್ಳೆ, ಎಲ್ಲ ಸುರುಳಿ ಸುತ್ತಿಕೊಂಡು, ಬಾಣಲೆಯಲ್ಲಿ ಈಗಷ್ಟೇ ಕರಿದ ಹಾಗೆ. ನಾನು ಹಾರೆ ಹುಡುಕುತ್ತಿದ್ದೆ. ಅಷ್ಟರಲ್ಲಿ ಕರಿಬಸಪ್ಪನವರು ಛತ್ರಿ ಹಿಡಿದುಕೊಂಡು ಬಂದೇಬಿಟ್ಟರು. ಅವರ ಹಿಂದೆ ಬೀದಿಯ ಅರ್ಧ ಜನ.

ಅವರು ಒಂದು ಚೂರು ಮುರಿದು ಬಿಸಿಲಿಗೆ ಹಿಡಿದರು. ಕನ್ನಡಕ ಮೇಲೇರಿಸಿ ನೋಡಿದರು, ಇಳಿಸಿ ನೋಡಿದರು. ಉಗುರಿನಿಂದ ಕೆರೆದು ಬೆರಳಲ್ಲಿ ಹೊಸಕಿದರು. ಆಮೇಲೆ, “ಉದ್ದು,” ಎಂದರು.

“ಏನು?”

“ಉದ್ದಿನ ಲೋಳೆ ಅಮ್ಮ. ಪದರ ಪದರವಾಗಿ ಎದ್ದು ಗುಳ್ಳೆ ಬರೋದು ಅದಕ್ಕೇನೆ. ನಿಮ್ಮನೇಲಿ ಉದ್ದಿನ ಹಿಟ್ಟು ಮುಟ್ಟೋರು ಯಾರು?”

ಎಲ್ಲರ ಕಣ್ಣೂ ನನ್ನ ಕೈಯ ಮೇಲಿತ್ತು. ನಾನೂ ನೋಡಿಕೊಂಡೆ. ಈ ಊರಿನ ಅಂಗಡಿಗಳಿಗೆಲ್ಲ ಹಪ್ಪಳ ಕೊಡುವವಳು ನಾನು. ದಿನಕ್ಕೆ ನಾಲ್ಕು ಸೇರು ಉದ್ದಿನ ಹಿಟ್ಟನ್ನು ಈ ಕೈಯಿಂದಲೇ ನಾದುತ್ತೇನೆ. ಅಂಗೈಯ ಗೆರೆಗಳಲ್ಲಿ, ಉಗುರಿನ ಸಂದಿನಲ್ಲಿ, ಎಷ್ಟು ತೊಳೆದರೂ ಒಂದು ಬಿಳಿ ಜಿಗುಟು ಉಳಿದೇ ಇರುತ್ತದೆ. ಅದನ್ನು ಕೈ ಎಂದುಕೊಂಡಿದ್ದೆನೇ ಹೊರತು ಹಿಟ್ಟು ಎಂದುಕೊಂಡಿರಲಿಲ್ಲ.

“ಹಪ್ಪಳ ನಿಲ್ಲಿಸಿದರೆ?” ಎಂದು ಕೇಳಿದೆ.

“ಹದಿನೆಂಟು ವರ್ಷದ್ದು ಅಲ್ವೇನಮ್ಮಾ. ಬಿಡೋಕೆ ಒಂದು ವರ್ಷನಾದ್ರೂ ಬೇಕು. ಮೂರನೇ ಸಲಕ್ಕೆ ನಿಮಗಿರೋ ಗಡುವು ತಿಂಗಳೊಪ್ಪತ್ತು.” ಅವರು ಪುಸ್ತಕ ಮುಚ್ಚಿ ಛತ್ರಿ ಬಿಚ್ಚಿದರು. “ಇನ್ನು ಒಂದೇ ಸಲ. ಕೈಗುಣ ಇರೋರನ್ನ ಯಾರನ್ನಾದ್ರೂ ಹಿಡೀರಿ. ಗುರುತು ಬೀಳದಂಥ ಕೈ. ಗುರುತು ಬೀಳದಿದ್ರೆ ಯಾರ ಕೈ ಅಂತ ನಾನು ಕೇಳೋದಿಲ್ಲ.”

ಹಾಗೆ ಊರಿನಲ್ಲಿ ಎಲ್ಲರೂ ಮಾಡುತ್ತಾರೆ, ಅದರಲ್ಲಿ ಮುಚ್ಚುಮರೆ ಇಲ್ಲ. ಆದರೆ ಗುರುತು ಬೀಳದ ಕೈ ಎಷ್ಟಿವೆ? ಬೆರಳೆಣಿಕೆಯಷ್ಟು. ಕಮ್ಮಾರನದು ಆಗದು, ಹೂ ಕಟ್ಟುವವಳದು ಆಗದು, ಮೇಷ್ಟರದು ಸೀಮೆಸುಣ್ಣ. ಗುಂಪಿನಲ್ಲಿ ಯಾರೋ “ಓಂಕಾರಮ್ಮ” ಎಂದರು. ಯಾರು ಎಂದು ಗೊತ್ತಾಗಿದ್ದರೆ ಅಲ್ಲೇ ಜಗಳವಾಗುತ್ತಿತ್ತು. ಓಂಕಾರಮ್ಮ ಪಾತ್ರೆಗಳ ಕಲ್ಲು ಬಿಡಿಸುವ ಕೆಲಸ ಮಾಡುತ್ತಾಳೆ. ಬೀದಿಯವರ ಹಂಡೆ, ಕೊಳಗ, ಬಿಂದಿಗೆ ಎಲ್ಲ ಅವಳ ಹತ್ತಿರವೇ ಬರುತ್ತವೆ. ಹುಡುಗಿಯಾಗಿದ್ದಾಗಿನಿಂದ ಬೂದಿಯಲ್ಲಿ ಉಜ್ಜಿ ಉಜ್ಜಿ ಅವಳ ಅಂಗೈಯ ಗೆರೆಗಳೇ ಅಳಿಸಿವೆ. ಹಳೆಯ ಮನೆಯ ಮುಂದಿನ ಕಿಟಕಿ ಹಿಂದೆ ಒಮ್ಮೆ ಸಿಡಿಲಿಗೆ ಸೀಳಿತ್ತು. ಆಗ ಹೊಸ ಹಲಗೆ ಬೆಳೆಸಿದ್ದವಳು ಅವಳೇ, ಮದುವೆಯಾಗಿ ಬಂದ ವರ್ಷದಲ್ಲಿ. ಅಂಥ ತಿಳಿ ಹಲಗೆ ಈ ಬೀದಿಯಲ್ಲಿ ಇನ್ನೊಂದಿಲ್ಲ. ಹಕ್ಕಿಗಳು ಬಂದು ಡಿಕ್ಕಿ ಹೊಡೆಯುತ್ತವೆ. ಯಾವ ಹೆಂಗಸಿನಿಂದ ದೂರ ಹೋಗಲು ಮನೆ ಕಟ್ಟಿದೆನೋ ಅವಳ ಕೈ ಇಲ್ಲದೆ ಆ ಮನೆಗೆ ಹೋಗಲಾಗದು ಎಂದರೆ, ನನ್ನ ಜಾಗದಲ್ಲಿ ಇನ್ನೊಬ್ಬರು ಇದ್ದರೆ ಏನು ಮಾಡುತ್ತಿದ್ದರೋ. ನಾನು ಮೂರು ದಿನ ಹಪ್ಪಳದ ಹಿಟ್ಟನ್ನೇ ಕುಟ್ಟುತ್ತ ಕೂತೆ.

ನಾಲ್ಕನೆಯ ದಿನ ಬೆಳಿಗ್ಗೆ ಅವಳು ಹಿತ್ತಲಲ್ಲಿ ಯಾರದೋ ಹಂಡೆ ಉಜ್ಜುತ್ತಿದ್ದಾಗ ಹೋಗಿ ನಿಂತೆ. ಅವಳು ತಲೆ ಎತ್ತಲಿಲ್ಲ.

“ಅಕ್ಕ.”

“ಹ್ಞೂಂ.”

“ಬಾನಿಗೆ ನೀನು ಕೈಯಾಡಿಸ್ಬೇಕು.”

“ನಾನು ಗಸಿ ಹಾಕೋಳಲ್ವೇನೆ?”

“ಅದು ಸಿಟ್ಟಿನಲ್ಲಿ ಅಂದದ್ದು.”

“ಸಿಟ್ಟಿನಲ್ಲಿ ಅಂದದ್ದನ್ನ ಇಡೀ ಬೀದಿ ಕೇಳಿಸ್ಕೊಂಡಿದೆ. ಇದನ್ನ ನನ್ನೊಬ್ಬಳಿಗೆ ಹಿತ್ತಲಲ್ಲಿ ಬಂದು ಪಿಸುಗುಡ್ತಿದ್ದೀಯ.”

ಹಲ್ಲು ಕಚ್ಚಿಕೊಂಡು ಜಗಲಿಗೆ ಬಂದೆ. ಎದುರುಮನೆಯವರಿಗೂ ಪೊರಕೆಯವರಿಗೂ ಕೇಳುವಂತೆ, “ನಮ್ಮಕ್ಕ ಏನೂ ಹಾಕಿಲ್ಲ, ತಪ್ಪು ನನ್ನ ಕೈಯದೇ” ಎಂದು ಗಟ್ಟಿಯಾಗಿ ಹೇಳಿದೆ. ಪೊರಕೆಯವರು ಗುಡಿಸುವುದನ್ನು ನಿಲ್ಲಿಸಿದರು. ಓಂಕಾರಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, “ಅಷ್ಟು ಕೂಗ್ಬೇಕಾ, ಒಳಗಿಂದಾನೇ ಕೇಳಿಸ್ತಿತ್ತು” ಎಂದಳು. ಮರುದಿನ ಸೂರ್ಯ ಹುಟ್ಟುವ ಹೊತ್ತಿಗೆ ಬಾನಿಯ ಹತ್ತಿರ ಇದ್ದಳು. ಕೈಯಲ್ಲಿ ಕಾಫಿ ಲೋಟ.

“ಅದನ್ನ ಇಲ್ಲಿಗೆ ತರಬೇಡ,” ಎಂದೆ.

“ಕಾಫಿ ಇಲ್ದೆ ನನ್ ಕೈ ಏಳಲ್ಲ.”

“ಒಂದು ತೊಟ್ಟು ಬಿದ್ರೆ ಮನೆ ಹೋಯ್ತು ಅಕ್ಕ. ಇದೇ ಕೊನೇದು.”

“ಗೊತ್ತು ಕಣೆ. ನಿನ್ನಷ್ಟು ಬುದ್ಧಿ ಇಲ್ದಿದ್ರೂ ಕಿವಿ ಇದೆ.”

ಕೊನೆಗೆ ಒಪ್ಪಂದವಾಯಿತು. ಬಾನಿಯಿಂದ ಹತ್ತು ಹೆಜ್ಜೆ ಆಚೆ, ಕಾಂಪೌಂಡಿನ ಗೋಡೆಯ ಮೇಲೆ ಲೋಟ ಇರಬೇಕು. ಅಲ್ಲೇ ನಿಂತು ಕುಡಿದು, ಬಾಯಿ ತೊಳೆದು, ಕೈ ತೊಳೆದು, ಆಮೇಲೆ ಬಾನಿಗೆ ಬರಬೇಕು. ಅವಳು ತಲೆಯಾಡಿಸಿದಳು. ಇಪ್ಪತ್ತೊಂದು ದಿನ ಎರಡು ಹೊತ್ತೂ ಬಂದಳು. ನಾನು ಬಾಗಿಲಲ್ಲೇ ಕೂತು ಕಾವಲು ಕಾದೆ. ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಗ್ಗಿ ನೀರಿನೊಳಗೆ ಬೆರಳು ಆಡಿಸುವುದನ್ನು ನೋಡುತ್ತಿದ್ದರೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ನಾನು ಅಂಚನ್ನು ಕಿತ್ತು ಬಿಡಿಸುತ್ತಿದ್ದೆ. ಅವಳು ಮಲಗಿದ ಮಗುವಿನ ಕೆಳಗಿನಿಂದ ಬಟ್ಟೆ ಎಳೆಯುವವಳಂತೆ ಬಿಡಿಸುತ್ತಿದ್ದಳು. ಕೆಲಸ ಮುಗಿದ ಮೇಲೆ, “ನಾಳೆಗೆ ಕಷಾಯ ಅರ್ಧ ಸೌಟು ಸಾಕು” ಎನ್ನುವುದು, ಹೊರಟುಹೋಗುವುದು. ಲೋಟ ಗೋಡೆಯ ಮೇಲೆ ಹಾಗೇ. ದಿನಾ ಎರಡು ಲೋಟಗಳ ಕಲ್ಲು ಕುಟ್ಟುತ್ತ, ಇನ್ನು ಹದಿನೈದು ದಿನ, ಇನ್ನು ಎಂಟು ದಿನ ಎಂದು ಎಣಿಸುತ್ತಿದ್ದೆ. ಕೊನೆಯ ದಿನ ಬೆಳಿಗ್ಗೆ ಮಾತ್ರ ಎದುರುಮನೆಯವರು ಬೀದಿಯಿಂದ ಕೂಗಿದರೆಂದು ಎರಡು ನಿಮಿಷ ಹೊರಗೆ ಹೋಗಿದ್ದೆ. ಎರಡೇ ನಿಮಿಷ.

ಮಾರನೆಯ ದಿನ ಕರಿಬಸಪ್ಪನವರು ಬಂದರು. ನೀರು ಬಸಿದು, ನಮ್ಮ ಯಜಮಾನರೂ ಭಾವನೂ ಎರಡು ಕಡೆ ಹಿಡಿದು ಹಲಗೆಯನ್ನು ಎತ್ತಿ ನಿಲ್ಲಿಸಿದರು. ಅಷ್ಟು ದಿನ ನನ್ನನ್ನು ಹಿಂಡಿ ಹಿಪ್ಪೆ ಮಾಡಿದ್ದು ಇಷ್ಟು ತೆಳ್ಳಗೆ, ಇಷ್ಟು ತಿಳಿಯಾಗಿ ನಿಂತಿತ್ತು. ಅದರಾಚೆ ಭಾವನ ಮುಖ, ಅವರ ಕಿವಿಯ ಮೇಲಿನ ಕೂದಲು ಕೂಡ ಒಂದೊಂದೇ ಎಣಿಸುವ ಹಾಗೆ ಕಾಣುತ್ತಿತ್ತು. ಯಾರೋ ಅಬ್ಬಾ ಎಂದರು. ನನ್ನ ಕಣ್ಣು ತುಂಬಿಬಂತು. ಹನ್ನೊಂದು ವರ್ಷದ ಪಟ್ಟಿ, ಎರಡು ಕೆಟ್ಟ ಬಾನಿ, ಊರವರ ಉಪದೇಶ ಎಲ್ಲ ಮುಗಿಯಿತು ಎಂದುಕೊಂಡೆ.

“ಇದೇನಿದು?” ಎಂದರು ಕರಿಬಸಪ್ಪನವರು.

ಕೆಳಗಿನ ಬಲಮೂಲೆಯಲ್ಲಿ, ಎಂಟಾಣೆ ನಾಣ್ಯದಷ್ಟು ಅಗಲಕ್ಕೆ, ಕಂದುಬಣ್ಣದ ಒಂದು ಹೂವು. ಸಣ್ಣ ಸಣ್ಣ ಎಸಳು, ಸುತ್ತಲೂ ಚುಕ್ಕಿ. ಯಾರಾದರೂ ಕೂತು ಕೆತ್ತಿದರೂ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ. ನನಗೆ ನೋಡಿದ ಕೂಡಲೇ ಗೊತ್ತಾಯಿತು. ಓದಿ ಹೇಳಲು ಗುಮಾಸ್ತರು ಬೇಕಾಗಿರಲಿಲ್ಲ.

“ಕಾಫಿ,” ಎಂದರು ಅವರು. “ಯಾರದಿದು?”

“ನಂದೇ,” ಎಂದೆ.

“ನೀವು ಕಾಫಿ ಕುಡೀತೀರಾ?”

“ಈಗೀಗ ಕುಡೀತೀನಿ.”

ಕರಿಬಸಪ್ಪನವರು ನನ್ನನ್ನು ನೋಡಿದರು. ಅವರ ಮಗಳ ಮದುವೆಯಲ್ಲಿ ಕಾಫಿ ಹಂಚುವ ಸಾಲಿನಿಂದ ಎದ್ದು ಓಡಿ ಹೋಗಿ ಬೇಲಿಯ ಹತ್ತಿರ ವಾಂತಿ ಮಾಡಿಕೊಂಡವಳು ನಾನು. ಅದು ಅವರಿಗೆ ಮರೆತಿರಲಿಲ್ಲ. “ಹಾಗಾದ್ರೆ ಒಂದು ಲೋಟ ಕುಡಿದು ತೋರಿಸಿ ಅಮ್ಮ. ನನಗೂ ಬರೆಯೋಕೆ ಆಧಾರ ಬೇಕಲ್ಲ,” ಎಂದರು. ಬೇಡವೆಂದರೂ ಎದುರುಮನೆಯವರು ಓಡಿ ಹೋಗಿ ತಂದೇಬಿಟ್ಟರು. ಈ ಬೀದಿಯವರಿಗೆ ಇಂಥ ಸಹಾಯ ಮಾಡುವುದರಲ್ಲಿ ಎಂದೂ ಸೋಮಾರಿತನವಿಲ್ಲ. ಬಿಸಿ ಬಿಸಿ, ಮೇಲೆ ನೊರೆ. ಮೂಗು ಹಿಡಿದುಕೊಂಡು ಒಂದು ಗುಟುಕು ಹಾಕಿದೆ. ಗಂಟಲಲ್ಲೇ ನಿಂತಿತು. ನುಂಗಬೇಕು, ಮನೆ ಉಳಿಯಬೇಕಾದರೆ ನುಂಗಲೇಬೇಕು ಎಂದು ಕಣ್ಣು ಮುಚ್ಚಿದೆ. ಮುಂದಿನ ಗಳಿಗೆಯಲ್ಲಿ ಅದೆಲ್ಲ ಕರಿಬಸಪ್ಪನವರ ಛತ್ರಿಯ ಮೇಲಿತ್ತು.

ಅವರು ಪಾಪ, ಬೈಯಲಿಲ್ಲ. ಛತ್ರಿ ಕೊಡವಿ, “ನೀವಲ್ಲ,” ಎಂದರು. “ಹೊರಗಿನವರ ಗುರುತಾದ್ರೆ ನಾನು ಇದನ್ನ ಒಡೆಸ್ಬೇಕಾಗುತ್ತೆ. ಮೂರನೇದು. ಪಟ್ಟಿಯಲ್ಲಿ ಹಿಂದಿನವರಿಗೆ ಇವತ್ತೇ ಹೇಳಿಕಳಿಸ್ಬೇಕು. ಕೊನೇ ಸಲ ಕೇಳ್ತೀನಿ, ಇದು ಯಾರದು? ಅವರು ಈ ಮನೆಯವರೋ, ಅಲ್ಲವೋ?”

ಗುಂಪಿನ ಹಿಂದೆ ಓಂಕಾರಮ್ಮ ನಿಂತಿದ್ದಳು. ಅವಳು ನನ್ನನ್ನು ನೋಡುತ್ತಿರಲಿಲ್ಲ, ಸೆರಗಿನ ತುದಿ ಸುತ್ತುತ್ತಿದ್ದಳು. ನಾನು ಯಜಮಾನರ ಕಡೆ ನೋಡಿದೆ. ಅವರು ಹೌದೌದು ಎನ್ನುವುದಕ್ಕೆ ಯಾರಾದರೂ ಏನಾದರೂ ಹೇಳಲಿ ಎಂದು ಕಾಯುತ್ತಿದ್ದರು. ಅಲ್ಲ ಎಂದರೆ ಮನೆ ಹೋಗುತ್ತದೆ, ಹಳೆಯ ಅಡುಗೆಮನೆಯಲ್ಲಿ ಸಾಯುವ ತನಕ ಇವಳ ಸದ್ದು ಕೇಳಬೇಕು. ಹೌದು ಎಂದರೆ ಮನೆ ಸಿಗುತ್ತದೆ, ಹೊಸ ಅಡುಗೆಮನೆಗೆ ಇವಳು ಬಾಗಿಲು ತಟ್ಟದೆ ಬರುತ್ತಾಳೆ. ಹೇಗೆ ತಿರುಗಿದರೂ ಅವಳೇ. ಆದರೆ ನಿಜ ಹೇಳಬೇಕೆಂದರೆ, ಆ ಹೊತ್ತಿನಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಅದಲ್ಲ. ಹಲಗೆಯಾಚೆ ಅವಳ ಕೈ ಕಾಣುತ್ತಿತ್ತು. ಇಪ್ಪತ್ತೊಂದು ದಿನ ಕಲ್ಲಿನ ನೀರಿನಲ್ಲಿ ಆಡಿಸಿ ಬೆರಳ ತುದಿಗಳೆಲ್ಲ ಬಿರಿದು ಕೆಂಪಾಗಿದ್ದವು. ಬಾಗಿಲಲ್ಲಿ ಕೂತು ಅಷ್ಟು ದಿನ ಕಾವಲು ಕಾದವಳು ನಾನು ಲೋಟವನ್ನು ನೋಡಿದ್ದೆ, ಅದನ್ನು ನೋಡಿರಲಿಲ್ಲ.

“ನಮ್ಮ ಮನೆಯವಳೇ,” ಎಂದೆ. “ಓಂಕಾರಮ್ಮ. ಬರೆದುಕೊಳ್ಳಿ.”

“ಸಂಬಂಧ?”

“ಅಕ್ಕ ಅಂತ ಬರೀರಿ. ಇನ್ನೇನು ಬರೀತೀರಿ, ಶನಿ ಅಂತ ಬರೆಯೋಕೆ ನಿಮ್ಮ ಪುಸ್ತಕದಲ್ಲಿ ಜಾಗ ಇದೆಯಾ?”

ಜನ ನಕ್ಕರು. ಕರಿಬಸಪ್ಪನವರು ಅಕ್ಕ ಎಂದೇ ಬರೆದರು. ಯಜಮಾನರು, “ಹೌದೌದು, ಅದೇ ಸರಿ” ಎಂದರು.

ಎಲ್ಲರೂ ಹೋದ ಮೇಲೆ ಹಲಗೆಯನ್ನು ಚೌಕಟ್ಟಿಗೆ ಕೂರಿಸಿದೆವು. ಗಂಡಸರು ಸಾಮಾನು ತರಲು ಹೋದರು. ಓಂಕಾರಮ್ಮ ಅಂಗಳದಲ್ಲಿ ಬಾನಿ ತೊಳೆಯುತ್ತಿದ್ದಳು, ಯಾರೂ ಹೇಳಿರಲಿಲ್ಲ. ನಾನು ಅವಳ ಮುಂದೆ ಹೋಗಿ ನಿಂತೆ.

“ಲೋಟ ಹತ್ತು ಹೆಜ್ಜೆ ಆಚೆ ಇತ್ತು. ನೀನು ಬಾಯಿ ತೊಳೀತಿದ್ದೆ, ಕೈ ತೊಳೀತಿದ್ದೆ. ತೊಟ್ಟು ಹೇಗೆ ಬಿತ್ತು ಅಕ್ಕ?”

“ಬೀಳ್ಲಿಲ್ಲ,” ಎಂದಳು. “ಬಿಟ್ಟೆ.”

ನಾನು ತಿರುಗಿ ಕಿಟಕಿಯ ಮೂಲೆಯ ಹೂವನ್ನು ನೋಡಿದೆ.

“ಕೊನೇ ದಿನ ನೀನು ಬೀದಿಗೆ ಹೋಗಿದ್ಯಲ್ಲ, ಆಗ ಬೆರಳಿಗೆ ಹಚ್ಕೊಂಡು ಮೂಲೇಲಿ ಒಂದೇ ತೊಟ್ಟು ಬಿಟ್ಟೆ. ಮಧ್ಯಕ್ಕೆ ಬಿಟ್ಟಿದ್ರೆ ನಿನಗೆ ಬೀದಿ ಕಾಣ್ತಿರ್ಲಿಲ್ಲ, ಅದಕ್ಕೆ ಮೂಲೆ.”

“ನಿನಗೇನು ತಲೆ ಕೆಟ್ಟಿದೆಯಾ? ನಾನು ಅಲ್ಲ ಅಂದಿದ್ರೆ? ಒಡೆದು ಹಾಕ್ತಿದ್ರು! ಹನ್ನೊಂದು ವರ್ಷ ಅಕ್ಕ!”

“ಅಂತೀಯ ಅಂತ ಹೆದರಿಕೆ ಇತ್ತು. ಇಲ್ಲ ಅನ್ನಲ್ಲ.” ಅವಳು ಬಾನಿಯನ್ನು ಕವುಚಿ ಹಾಕಿದಳು. “ಆದ್ರೆ ಹದಿನೆಂಟು ವರ್ಷ ಒಂದೇ ಒಲೆ ಮುಂದೆ ಕೂತು, ಈಗ ನಿನ್ ಮನೆ ಬಾಗಿಲು ತಟ್ಟಿ, ಯಾರು ಅಂತ ನೀನು ಒಳಗಿಂದ ಕೇಳಿ, ನಾನು ಹೆಸರು ಹೇಳಿ ನಿಂತ್ಕೊಳೋದು ನನ್ ಕೈಲಿ ಆಗಲ್ಲ ಕಣೆ ದಾಕ್ಷಿ. ಅದಕ್ಕಿಂತ ಬರದೇ ಇರೋದು ವಾಸಿ ಅನ್ನಿಸ್ತು. ಬರದೇ ಇರೋದೂ ಆಗಲ್ಲ ಅನ್ನಿಸ್ತು.”

ಇಂಥವಳಿಗೆ ಏನು ಹೇಳಬೇಕು? ಬೈಯುವುದಕ್ಕೆ ಬಾಯಿ ತೆರೆದೆ. ಅಳು ಬಂತು. ಅದೂ ಸಿಟ್ಟಿನ ಅಳುವೇ ಎಂದು ಇಟ್ಟುಕೊಳ್ಳಿ. ಒಳಗೆ ಹೋಗಿ ಹೊಸ ಒಲೆ ಹಚ್ಚಿ ಹಾಲುಕ್ಕಿಸಿದೆ. ಮೊದಲ ಲೋಟ ಹಾಲು ಅವಳ ಕೈಗೆ ಕೊಟ್ಟೆ. ಅವಳು ಮೂಸಿ ನೋಡಿ, “ಬರೀ ಹಾಲಾ?” ಎಂದಳು.

ಈಗ ದಿನಾ ಬೆಳಿಗ್ಗೆ ಸೂರ್ಯ ಎದುರುಮನೆಯ ಮಾಳಿಗೆ ದಾಟುತ್ತಲೇ ಕಿಟಕಿಯಿಂದ ಬಿಸಿಲು ಒಳಗೆ ಬೀಳುತ್ತದೆ. ನೆಲದ ಮೇಲೆ ಒಂದು ಕಂದು ಹೂವು ಬೀಳುತ್ತದೆ. ಅದು ಒಲೆಯ ಹತ್ತಿರ ಬರುವ ಹೊತ್ತಿಗೆ ಸರಿಯಾಗಿ ಬಾಗಿಲು ತೆರೆದುಕೊಂಡು ಓಂಕಾರಮ್ಮ ಬರುತ್ತಾಳೆ. ಕಾಫಿಪುಡಿ ನಾನೇ ತಂದಿಟ್ಟಿದ್ದೇನೆ, ಮೂಗಿಗೆ ಸೆರಗು ಕಟ್ಟಿಕೊಂಡು ನಾನೇ ಮಾಡಿಕೊಡುತ್ತೇನೆ. ಸೊರ್ರೆಂದು ಹೀರಿ, ನನ್ನ ಹಪ್ಪಳದ ಉಂಡೆ ದೊಡ್ಡದಾಯಿತು ಎಂದು ಹೇಳಿ, ಎದ್ದು ಹೋಗುತ್ತಾಳೆ. ಲೋಟವನ್ನು ಕವುಚಿಡು ಎಂದು ನಾನು ಹೇಳುವುದಿಲ್ಲ. ಅವಳ ಬೆನ್ನ ಹಿಂದೆ ನಾನೇ ಕವುಚಿಟ್ಟರೆ ಆಗುತ್ತದೆ, ಅದೂ ಗೊತ್ತು. ನಿನ್ನೆ ಅವಳಿಗೆ ಜ್ವರವಿತ್ತು, ಬರಲಿಲ್ಲ. ಮೊನ್ನೆಯ ಲೋಟ ಕಿಟಕಿಯ ಕೆಳಗೆ ಹಾಗೇ ಕಲ್ಲಾಗಿ ನಿಂತಿತ್ತು. ಅದನ್ನು ಅಲ್ಲೇ ಬಿಟ್ಟು, ಮೆಣಸಿನ ಸಾರಿನ ಪಾತ್ರೆ ಹಿಡಿದುಕೊಂಡು ಹಳೆಯ ಮನೆಗೆ ಹೋದೆ. ಬಾಗಿಲು ತಟ್ಟಲಿಲ್ಲ.